ಗಾಜಿನ ಆಚೆ ಇರುವ ಸೀರೆ ಕೈಗೆ, ಕಿವಿಗೆ, ಮೂಗಿಗೆ ತಲುಪುವುದು ಹೇಗೆ? ನಮ್ಮ ಅಂಗಡಿಯ ಶೋಕೇಸ್ ಕುರಿತು ನಿಮ್ಮ ಸಲಹೆ ಬೇಕು

ಸೀರೆ ಅಂಗಡಿ, ಹುಬ್ಬಳ್ಳಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ದುರ್ಗದ ಬೈಲಿನ ಹತ್ತಿರ ನಮ್ಮ ಅಜ್ಜ ಹಾಕಿದ ಸೀರೆ ಅಂಗಡಿಯನ್ನು ಈಗ ನಾನು ಮತ್ತು ನನ್ನ ತಮ್ಮ ನಡೆಸುತ್ತಿದ್ದೇವೆ. ಅಂಗಡಿಯ ಮುಂಭಾಗವನ್ನು ಹೊಸದಾಗಿ ಕಟ್ಟಿಸುವ ಕೆಲಸ ನಡೆದಿದ್ದು, ಒಂಬತ್ತು ಅಡಿ ಅಗಲದ ಒಂದು ಶೋಕೇಸ್‌ಗೆ ಜಾಗ ಬಿಟ್ಟಿದ್ದೇವೆ. ಅದನ್ನು ಸಿದ್ಧಪಡಿಸಿ ಕೊಡುತ್ತೇವೆಂದು ಬಂದವರು ಹಿಂಬದಿಗೆ ಪೂರ್ತಿ ಎಲ್‌ಇಡಿ ಪರದೆ, ಯಾರಾದರೂ ಮುಂದೆ ನಿಂತ ಕೂಡಲೇ ಸಂಗೀತ ಆರಂಭಿಸುವ ಸೆನ್ಸರ್, ಸುಗಂಧ ಸೂಸುವ ಯಂತ್ರ, ತಿರುಗುವ ಗೊಂಬೆ ಎಲ್ಲವನ್ನೂ ಸೇರಿಸಿ ಒಂದು ದರ ಹೇಳಿದ್ದಾರೆ. ಆ ಹಣದಲ್ಲಿ ಒಂದು ಮದುವೆ ಹಂಗಾಮಿನ ಇಳಕಲ್ಲ ಸೀರೆಗಳನ್ನು ತರಿಸಬಹುದು. ಆದರೂ ನಾನು ಅದನ್ನು ಒಮ್ಮೆಲೇ ತಳ್ಳಿಹಾಕಲಾರೆ. ಏಕೆಂದರೆ ಕಣ್ಣೊಂದಕ್ಕೇ ಅಲ್ಲ, ಎಲ್ಲ ಇಂದ್ರಿಯಗಳಿಗೂ ಬಟ್ಟೆ ಮುಟ್ಟಬೇಕು ಎಂಬ ಅವರ ಮಾತು ನನಗೆ ಸರಿಯೆನಿಸಿತು.

ನಮ್ಮ ಅಜ್ಜನ ಕಾಲದಲ್ಲಿ ಅಂಗಡಿಗೆ ಗಾಜೇ ಇರಲಿಲ್ಲ. ಬಿಳಿ ಬಟ್ಟೆ ಹಾಸಿದ ಗಾದಿಯ ಮೇಲೆ ಗಿರಾಕಿಗಳು ಕೂಡುತ್ತಿದ್ದರು. ಅಜ್ಜ ಸೀರೆಯ ಮಡಿಕೆ ಬಿಚ್ಚಿ ಒಂದೇ ಬೀಸಿಗೆ ಹರವುವಾಗ ಬರುತ್ತಿದ್ದ ಸಪ್ಪಳ, ಜೊತೆಗೇ ಏಳುತ್ತಿದ್ದ ಗಂಜಿಯ ವಾಸನೆ, ಸೆರಗನ್ನು ಹೆಣ್ಣುಮಕ್ಕಳ ಮುಂಗೈ ಮೇಲೆ ಹಾಕಿ ‘ನೋಡ್ರೀ’ ಎನ್ನುವ ರೀತಿ, ಇವೆಲ್ಲ ಇವತ್ತಿಗೂ ನನ್ನ ನೆನಪಿನಲ್ಲಿವೆ. ಗಾಜು ಬಂದ ಮೇಲೆ ನಾವು ಬಟ್ಟೆಯನ್ನು ಧೂಳಿನಿಂದ ಕಾಪಾಡಿದೆವು, ಆದರೆ ರಸ್ತೆಯಲ್ಲಿ ಹೋಗುವವರಿಗೆ ಅದರ ಬಣ್ಣವನ್ನು ಮಾತ್ರ ಉಳಿಸಿದೆವು. ಕಳೆದುಕೊಂಡದ್ದನ್ನು ಗಾಜಿನ ಈಚೆಗೆ ತರುವ ದಾರಿ ಇದೆಯೇ ಎಂಬುದೇ ನನ್ನ ಪ್ರಶ್ನೆ.

ಶೋಕೇಸ್ ಸಜ್ಜುಗೊಳಿಸುವವರು, ವಿದ್ಯಾನಗರ

ಮಾಲಕರೇ, ನಿಮ್ಮ ಪ್ರಶ್ನೆಗೆ ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. 1909ರಲ್ಲಿ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಸೆಲ್ಫ್ರಿಜಸ್ ಮಳಿಗೆ ತೆರೆದ ಹ್ಯಾರಿ ಗಾರ್ಡನ್ ಸೆಲ್ಫ್ರಿಜ್, ಅಂಗಡಿ ಮುಚ್ಚಿದ ಮೇಲೂ ರಾತ್ರಿಯೆಲ್ಲ ಶೋಕೇಸ್‌ಗಳಿಗೆ ದೀಪ ಹಚ್ಚಿಡುವ ರೂಢಿ ತಂದರು. ಅದೇ ವರ್ಷ ಜುಲೈನಲ್ಲಿ ಲೂಯಿ ಬ್ಲೇರಿಯೊ ಇಂಗ್ಲಿಷ್ ಕಾಲುವೆಯನ್ನು ಹಾರಿ ದಾಟಿದ ವಿಮಾನವನ್ನೇ ತಂದು ಮಳಿಗೆಯಲ್ಲಿ ಪ್ರದರ್ಶನಕ್ಕಿಟ್ಟರು. ಸರಕು ಕೊಳ್ಳಲು ಬರುವವರಿಗಿಂತ ನೋಡಲು ಬರುವವರು ಮೊದಲು ಬೇಕು ಎಂಬುದು ಅವರ ಲೆಕ್ಕ. ಈ ದಾರಿಯ ಇತ್ತೀಚಿನ ತುದಿಯನ್ನು 2023ರಲ್ಲಿ ಕಂಡೆವು: ಲೂಯಿ ವಿಟಾನ್ ಸಂಸ್ಥೆ ಜಪಾನಿನ ಕಲಾವಿದೆ ಯಾಯೋಯಿ ಕುಸಾಮಾ ಅವರನ್ನೇ ಹೋಲುವ ಯಂತ್ರಗೊಂಬೆಯನ್ನು ನ್ಯೂಯಾರ್ಕಿನ ಶೋಕೇಸ್‌ನಲ್ಲಿ ನಿಲ್ಲಿಸಿ, ಅದು ಗಾಜಿನ ಮೇಲೆ ಚುಕ್ಕಿ ಬಿಡಿಸುತ್ತಿರುವಂತೆ ತೋರಿಸಿತು. ಜನ ಗುಂಪುಗಟ್ಟಿ ಚಿತ್ರ ತೆಗೆದುಕೊಂಡರು.

ಆದರೆ ನನ್ನ ಮನಸ್ಸಿನಲ್ಲಿ ಹೆಚ್ಚು ಆಳವಾಗಿ ಉಳಿದದ್ದು ಬೇರೆ. 2009ರಲ್ಲಿ ಟೋಕಿಯೋದ ಗಿಂಜಾದಲ್ಲಿರುವ ಎರ್ಮೆಸ್ ಮಳಿಗೆಗೆ ವಿನ್ಯಾಸಕಾರ ತೊಕುಜಿನ್ ಯೊಶಿಯೊಕಾ ಒಂದು ಶೋಕೇಸ್ ಮಾಡಿದರು. ಅದರಲ್ಲಿ ಇದ್ದದ್ದು ಒಂದು ಪರದೆ, ಅದರ ಮುಂದೆ ತೂಗುಬಿಟ್ಟ ಒಂದು ರೇಷ್ಮೆ ಸ್ಕಾರ್ಫ್, ಇಷ್ಟೇ. ಪರದೆಯಲ್ಲಿನ ಹೆಂಗಸು ತುಟಿ ಮುಂದೆ ಮಾಡಿ ಮೆಲ್ಲನೆ ಊದುತ್ತಾಳೆ; ಅದೇ ಕ್ಷಣಕ್ಕೆ ನಿಜವಾದ ಸ್ಕಾರ್ಫ್ ಅಲುಗಾಡುತ್ತದೆ. ಆ ಒಂದು ಅಲುಗಾಟದಿಂದ ರೇಷ್ಮೆ ಎಷ್ಟು ಹಗುರವಾಗಿದೆಯೆಂಬುದು ಮುಟ್ಟದೆಯೇ ಬೆರಳಿಗೆ ತಿಳಿಯುತ್ತದೆ. ಅಲ್ಲಿ ತಂತ್ರಜ್ಞಾನ ಬಟ್ಟೆಯ ಗುಣವನ್ನು ಹೇಳುವುದಕ್ಕಾಗಿ ಇದೆ. ನಿಮಗೆ ದರ ಹೇಳಿದವರ ಪಟ್ಟಿಯಲ್ಲಿ ಸೀರೆಯ ಗುಣವನ್ನು ಹೇಳುವ ಸಲಕರಣೆ ಯಾವುದಿದೆ ಎಂದು ಒಂದೊಂದಾಗಿ ಕೇಳಿ ನೋಡಿ. ತಿರುಗುವ ಗೊಂಬೆ ಸೀರೆಯ ಬೆನ್ನನ್ನು ತೋರಿಸುತ್ತದೆ, ಆದ್ದರಿಂದ ಅದಕ್ಕೆ ಅರ್ಥವಿದೆ. ಪೂರ್ತಿ ಹಿಂಬದಿಯ ಪರದೆ ಸೀರೆಯನ್ನೇ ನುಂಗುತ್ತದೆ. ಅಷ್ಟು ಬೆಳಕು ಹಿಂದಿನಿಂದ ಬಂದರೆ ಮುಂದಿನ ಬಟ್ಟೆ ಬರೀ ಕಪ್ಪು ನೆರಳಾಗಿ ಕಾಣುತ್ತದೆ.

ವಿದ್ಯುತ್ ಕೆಲಸ, ಹಾವೇರಿ

ಬೆಳಕಿನ ಮಾತು ಬಂದದ್ದರಿಂದ ನಾನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಶೋಕೇಸ್‌ನಲ್ಲಿ ತೊಂಬತ್ತು ಪಾಲು ತಪ್ಪು ಇಲ್ಲೇ ಆಗುವುದನ್ನು ಕಂಡಿದ್ದೇನೆ.

ಮೊದಲನೆಯದಾಗಿ ಹಗಲಿನ ಪ್ರತಿಬಿಂಬ. ಸಾಮಾನ್ಯ ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು 8 ಪ್ರತಿಶತವನ್ನು ಹಿಂದಕ್ಕೆ ಕಳಿಸುತ್ತದೆ. ಕೇಳಲು ಇದು ಕಡಿಮೆಯೆನಿಸುತ್ತದೆ. ಆದರೆ ಬೆಳಕಿನ ಪ್ರಮಾಣವನ್ನು ಲಕ್ಸ್ ಎಂಬ ಅಳತೆಯಲ್ಲಿ ಹೇಳುವುದಾದರೆ, ಮಧ್ಯಾಹ್ನದ ನೇರ ಬಿಸಿಲು ಒಂದು ಲಕ್ಷ ಲಕ್ಸ್‌ವರೆಗೆ ಹೋಗುತ್ತದೆ, ಚೆನ್ನಾಗಿ ದೀಪ ಹಾಕಿದ ಅಂಗಡಿಯ ಒಳಗೆ ಸಾವಿರ ಲಕ್ಸ್ ಇದ್ದರೆ ಹೆಚ್ಚು. ಹೀಗಾಗಿ ನಿಮ್ಮ ಶೋಕೇಸ್ ಮುಂದೆ ನಿಂತವರಿಗೆ ಹಗಲು ಕಾಣುವುದು ಸೀರೆಯಲ್ಲ, ಎದುರಿನ ಅಂಗಡಿಯ ಫಲಕ ಮತ್ತು ನಿಂತಿರುವ ಆಟೊ. ಒಳಗಿನ ದೀಪವನ್ನು ಎಷ್ಟೇ ಹೆಚ್ಚಿಸಿದರೂ ಬಿಸಿಲಿನ ಜೊತೆ ಪೈಪೋಟಿ ನಡೆಸಲಾಗದು. ಮೇಲೊಂದು ಮುಂಚಾಚಿದ ಚಾವಣಿ ಹಾಕಿಸಿ, ಗಾಜಿನ ಮೇಲ್ಭಾಗವನ್ನು ರಸ್ತೆಯ ಕಡೆಗೆ ಕೊಂಚ ಬಾಗಿಸಿದರೆ ಅದರಲ್ಲಿ ಆಕಾಶದ ಬದಲು ನೆರಳಿನಲ್ಲಿರುವ ನೆಲ ಪ್ರತಿಫಲಿಸುತ್ತದೆ. ನೆಲ ಮಬ್ಬಾಗಿರುವುದರಿಂದ ಒಳಗಿನ ಬಟ್ಟೆ ಎದ್ದು ಕಾಣುತ್ತದೆ. ಕಟ್ಟಡದ ಕೆಲಸ ಇನ್ನೂ ನಡೆದಿರುವಾಗಲೇ ಇದನ್ನು ಮಾಡಿಸಬೇಕು, ಆಮೇಲೆ ಆಗುವುದಿಲ್ಲ.

ಎರಡನೆಯದು ಬಣ್ಣ. ದೀಪದ ಪೆಟ್ಟಿಗೆಯ ಮೇಲೆ ಸಿಆರ್‌ಐ ಎಂಬ ಅಂಕಿ ಇರುತ್ತದೆ. ಬಣ್ಣಗಳನ್ನು ಆ ದೀಪ ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ 100ರವರೆಗಿನ ಅಳತೆ ಅದು. ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಎಲ್‌ಇಡಿಗಳಲ್ಲಿ ಇದು 80ರ ಆಸುಪಾಸು ಇರುತ್ತದೆ ಮತ್ತು ಅಂಥ ದೀಪಗಳು ಗಾಢ ಕೆಂಪಿನಲ್ಲಿಯೇ ಸೋಲುತ್ತವೆ. ಇಳಕಲ್ಲ ಸೀರೆಯ ಜೀವವೇ ಕೆಂಪು ಸೆರಗು. ಅದನ್ನು ಅಂಥ ದೀಪದ ಕೆಳಗೆ ತೂಗುಹಾಕಿದರೆ ಇಟ್ಟಂಗಿಯ ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ, ಗಿರಾಕಿ ಮನೆಗೆ ಒಯ್ದು ಬಿಸಿಲಿಗೆ ಹಿಡಿದಾಗ ಬೇರೆಯೇ ಸೀರೆ ಕೊಟ್ಟಿದ್ದೀರೆಂದು ತಿರುಗಿ ಬರುತ್ತಾರೆ. 90ಕ್ಕಿಂತ ಮೇಲಿನ ಸಿಆರ್‌ಐ ಇರುವ, 3000 ಕೆಲ್ವಿನ್‌ನ ಅಂದರೆ ಹಳದಿ ಛಾಯೆಯ ಬೆಚ್ಚನೆಯ ಬೆಳಕಿನ ದೀಪಗಳನ್ನು ಹಾಕಿಸಿ. ನಾಲ್ಕು ದೀಪ ಕಡಿಮೆ ಹಾಕಿದರೂ ನಡೆಯುತ್ತದೆ.

ಮೂರನೆಯದು ಮಾಸುವಿಕೆ. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಬಟ್ಟೆಗಳ ಮೇಲೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳದಂತೆ ನೋಡಿಕೊಳ್ಳುತ್ತಾರೆ. ಅಂಗಡಿಗೆ ಅಷ್ಟು ಕತ್ತಲೆ ಆಗುವುದಿಲ್ಲ ಎಂಬುದು ನಿಜ, ಆದರೆ ಒಂದೇ ಸೀರೆಯನ್ನು ತಿಂಗಳುಗಟ್ಟಲೆ ಅದೇ ಮಡಿಕೆಯಲ್ಲಿ ನಿಲ್ಲಿಸಿದರೆ ಮಡಿಕೆಯ ಏಣಿನಲ್ಲಿ ಬಣ್ಣ ಹೋಗಿ ಗೆರೆ ಮೂಡುತ್ತದೆ. ಹದಿನೈದು ದಿನಕ್ಕೊಮ್ಮೆಯಾದರೂ ಬದಲಿಸಿ.

ಸೀರೆ ಅಂಗಡಿ, ಹುಬ್ಬಳ್ಳಿ

ಅಣ್ಣನವರೇ, ಗಾಜು ಬಾಗಿಸುವ ವಿಷಯವನ್ನು ನಾಳೆಯೇ ಗೌಂಡಿಗಳೊಂದಿಗೆ ಮಾತಾಡುತ್ತೇನೆ. ಇನ್ನೊಂದು ತೊಡಕನ್ನು ಕೇಳಬೇಕಿತ್ತು. ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆಯನ್ನು ಶೋಕೇಸ್‌ನಲ್ಲಿ ಇಟ್ಟಾಗಲೆಲ್ಲ ಅದು ದೂರದಿಂದ ಬರೀ ಕಪ್ಪು ಬಟ್ಟೆಯಂತೆ ಕಾಣುತ್ತದೆ. ನಮ್ಮಲ್ಲಿರುವ ಅತ್ಯಂತ ಶ್ರಮದ ಕೆಲಸವೇ ಯಾರ ಕಣ್ಣಿಗೂ ಬೀಳುತ್ತಿಲ್ಲ.

ಕಸೂತಿ ಕಲಿಸುವವರು, ಧಾರವಾಡ

ತಮ್ಮಾ, ಆ ಸೀರೆಯನ್ನು ಎದುರಿನಿಂದ ಬೆಳಗಬೇಡಿ, ಒಂದು ಪಕ್ಕದಿಂದ, ಬಟ್ಟೆಯ ಮೈಸವರಿಕೊಂಡು ಹೋಗುವಂತೆ ಬೆಳಕು ಬಿಡಿ. ಆಗ ಪ್ರತಿಯೊಂದು ಹೊಲಿಗೆಯೂ ತನ್ನ ಸಣ್ಣ ನೆರಳನ್ನು ಚೆಲ್ಲಿ ಎದ್ದು ನಿಲ್ಲುತ್ತದೆ.

ಅದಕ್ಕಿಂತ ದೊಡ್ಡ ಮಾತೆಂದರೆ, ಕಸೂತಿಯನ್ನು ತೋರಿಸುವುದೆಂದರೆ ಅದರ ಹಿಂಭಾಗವನ್ನು ತೋರಿಸುವುದು. ಗವಂತಿ ಮತ್ತು ಮುರ್ಗಿ ಹೊಲಿಗೆಗಳಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ, ಬಟ್ಟೆಯ ಎರಡೂ ಬದಿಗೆ ಒಂದೇ ಚಿತ್ತಾರ ಬರುತ್ತದೆ. ಗವಂತಿಯಲ್ಲಿ ಸೂಜಿ ಒಂದು ಸಲ ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಜಾಗಗಳನ್ನು ತುಂಬುತ್ತದೆ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಗಿ ನೇಯ್ದಂತೆಯೇ ಕಾಣುತ್ತದೆ. ಮೆಂತೆ ಅಡ್ಡಡ್ಡ ಹೊಲಿಗೆಯಿಂದ ದಟ್ಟವಾಗಿ ತುಂಬುತ್ತದೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಎಳೆ ಎಣಿಸಿಕೊಂಡೇ ಗೋಪುರ, ತೇರು, ತುಳಸಿಕಟ್ಟೆಗಳನ್ನು ಹೊಲಿಯುವ ಹೆಣ್ಣುಮಕ್ಕಳ ಶ್ರಮ ಎಷ್ಟೆಂಬುದು ಹಿಂಬದಿ ನೋಡಿದವರಿಗೆ ಮಾತ್ರ ಅರ್ಥವಾಗುತ್ತದೆ, ಏಕೆಂದರೆ ಯಂತ್ರದ ಕಸೂತಿಯ ಹಿಂಬದಿಯಲ್ಲಿ ದಾರಗಳು ಗೋಜಲಾಗಿರುತ್ತವೆ. ಆದ್ದರಿಂದ ಸೆರಗನ್ನು ಗೋಡೆಗೆ ಅಂಟಿಸದೆ ನಡುವೆ ತೂಗುಬಿಟ್ಟು, ಹಿಂದೆ ಓರೆಯಾಗಿ ಒಂದು ಕನ್ನಡಿ ಇಡಿ. ಗಾಜಿಗೆ ಹತ್ತಿರವಾಗಿ, ಮಕ್ಕಳಿಗೂ ಎಟುಕುವ ಎತ್ತರದಲ್ಲಿ ಒಂದು ಭೂತಗನ್ನಡಿಯನ್ನು ನಿಲ್ಲಿಸಿ ಅದರ ಹಿಂದೆ ಒಂದೇ ಒಂದು ತೇರಿನ ಚಿತ್ತಾರವನ್ನು ಇಟ್ಟರೆ, ದಾರಿಹೋಕರು ಬಾಗಿ ನೋಡಿಯೇ ನೋಡುತ್ತಾರೆ. ಹಾಗೆ ಬಾಗಿದ ಮನುಷ್ಯ ಅರ್ಧ ಅಂಗಡಿಯೊಳಗೆ ಬಂದಂತೆಯೇ.

ಕೈಮಗ್ಗದ ಮನೆ, ಗಜೇಂದ್ರಗಡ

ನಾವು ಪಟ್ಟೆದಂಚಿನ ಸೀರೆ ನೇಯುವವರು. ಸದ್ದಿನ ಬಗ್ಗೆ ನನ್ನ ಎರಡು ಮಾತುಗಳಿವೆ.

ಸೆನ್ಸರ್ ಇಟ್ಟು ಯಾವುದೋ ಸಂಗೀತ ನುಡಿಸುವ ಬದಲು ಮಗ್ಗದ ಸಪ್ಪಳವನ್ನೇ ಕೇಳಿಸಿ. ಲಾಳಿ ಈ ಬದಿಯಿಂದ ಆ ಬದಿಗೆ ಓಡಿ ಬಡಿಯುವುದು, ಹೊಕ್ಕಿನ ಅಡ್ಡ ಎಳೆಯನ್ನು ಬಾಚಣಿಗೆಯಂಥ ಹಣಿಗೆ ಒತ್ತುವುದು, ಕಾಲ ಕೆಳಗಿನ ಹಲಗೆ ಏರಿಳಿಯುವುದು, ಈ ಮೂರಕ್ಕೂ ಒಂದು ಲಯವಿದೆ, ನೇಯುವವನು ದಣಿದಾಗ ಆ ಲಯ ನಿಧಾನವಾಗುವುದೂ ಕಿವಿಗೆ ತಿಳಿಯುತ್ತದೆ. ಅದನ್ನು ಕತ್ತರಿಸಿ ಜೋಡಿಸದೆ ಹಾಗೆಯೇ ಬಿಡಿ. ಯಾರ ಮಗ್ಗದ ಸದ್ದು ಎಂಬುದನ್ನು ಅವರ ಒಪ್ಪಿಗೆ ಪಡೆದು ಬರೆಯಿರಿ, ಧ್ವನಿಮುದ್ರಣಕ್ಕೂ ಕೂಲಿ ಕೊಡಿ.

ಎರಡನೆಯ ಮಾತು ಸ್ವಲ್ಪ ಕಠಿಣವಾಗಿದ್ದರೆ ಕ್ಷಮಿಸಿ. ಹಿಂದೊಮ್ಮೆ ಒಂದು ದೊಡ್ಡ ಮಳಿಗೆಯವರು ನಮ್ಮ ತಂದೆಯವರನ್ನು ಕರೆದೊಯ್ದು, ಶೋಕೇಸ್‌ನ ಒಳಗೆ ಸಣ್ಣ ಮಗ್ಗವೊಂದನ್ನು ಜೋಡಿಸಿ ಮೂರು ದಿನ ಕೂರಿಸಿದ್ದರು. ನಮ್ಮದು ಕುಣಿಮಗ್ಗ, ಕಾಲು ಇಳಿಬಿಡಲು ನೆಲದಲ್ಲಿ ತಗ್ಗು ಬೇಕು. ಅಲ್ಲಿ ಅದು ಇಲ್ಲದ ಕಾರಣ ಅವರು ನೇಯಲೇ ಇಲ್ಲ, ನೇಯುವವರಂತೆ ಕೈ ಆಡಿಸಿದರು. ದೀಪದ ಕಾವಿಗೆ ಬೆವರುತ್ತ, ಗಾಜಿನಾಚೆಯ ಜನ ಫೋಟೊ ತೆಗೆಯುವುದನ್ನು ನೋಡುತ್ತ ಕುಳಿತದ್ದನ್ನು ಅವರು ಮನೆಗೆ ಬಂದು ಹೇಳಲಿಲ್ಲ. ವರ್ಷಗಳ ನಂತರ ತಾಯಿಗೆ ಹೇಳಿದರಂತೆ. ನೇಕಾರನನ್ನು ಕರೆಯುವುದಾದರೆ ಗಾದಿಯ ಮೇಲೆ ನಿಮ್ಮ ಪಕ್ಕದಲ್ಲಿ ಕೂರಿಸಿ, ಗಿರಾಕಿಗಳ ಜೊತೆ ಮಾತಾಡಲು ಬಿಡಿ. ಗಾಜಿನ ಹಿಂದೆ ಮನುಷ್ಯರು ಬೇಡ.

ಸೀರೆ ಅಂಗಡಿ, ಹುಬ್ಬಳ್ಳಿ

ನಿಮ್ಮ ಮಾತನ್ನು ಓದಿ ನಾವಿಬ್ಬರೂ ಅಣ್ಣತಮ್ಮ ಬಹಳ ಹೊತ್ತು ಸುಮ್ಮನಿದ್ದೆವು. ನಿಜ ಹೇಳಬೇಕೆಂದರೆ ಉದ್ಘಾಟನೆಯ ದಿನ ಇಂಥದ್ದೇ ಒಂದನ್ನು ಮಾಡುವ ಯೋಚನೆ ನಮಗೂ ಇತ್ತು. ಅದನ್ನು ಕೈಬಿಟ್ಟಿದ್ದೇವೆ.

ಸಿದ್ಧ ಉಡುಪಿನ ಮಳಿಗೆ, ಗೋಕುಲ ರಸ್ತೆ

ಎಲ್ಲರೂ ಪರದೆಯನ್ನು ಬೇಡವೆನ್ನುತ್ತಿರುವುದರಿಂದ ನನ್ನ ಅನುಭವವನ್ನೂ ಹೇಳಬೇಕಾಗಿದೆ. ನಮ್ಮ ಗಿರಾಕಿಗಳು ಹೆಚ್ಚಾಗಿ ಕಾಲೇಜಿನ ಹುಡುಗ ಹುಡುಗಿಯರು. ಸೆನ್ಸರ್ ಇರುವ ಪರದೆ ಹಾಕಿಸಿದ ಮೇಲೆ ನಿಂತು ನೋಡುವವರು ಖಂಡಿತವಾಗಿ ಹೆಚ್ಚಾದರು, ಅವರಲ್ಲಿ ಒಳಗೆ ಬಂದವರೂ ಇದ್ದಾರೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂಡ ಅದು ಕೆಲಸ ಮಾಡುತ್ತದೆ. ಆದರೆ ಒಂದನ್ನು ಒಪ್ಪಿಕೊಳ್ಳುತ್ತೇನೆ: ಎರಡು ತಿಂಗಳಾದ ಮೇಲೆ ಅದೇ ದೃಶ್ಯಗಳನ್ನು ನೋಡಿ ಜನ ಕಣ್ಣೆತ್ತದೆ ಹೋಗತೊಡಗಿದರು, ಹೊಸ ದೃಶ್ಯ ಮಾಡಿಸಲು ಪ್ರತಿಸಲ ಹಣ ಬೇಕು. ಸೀರೆ ಬದಲಿಸುವ ಕೆಲಸವನ್ನು ನೀವೇ ಮಾಡಬಲ್ಲಿರಿ, ಪರದೆಯ ಕೆಲಸಕ್ಕೆ ಸದಾ ಇನ್ನೊಬ್ಬರನ್ನು ಕಾಯಬೇಕು. ಹಾಕುವುದಾದರೆ ಎರಡು ಅಡಿಯ ಒಂದು ಸಣ್ಣ ಪರದೆ ಸಾಕು.

ನಿವೃತ್ತ ಸಂಗೀತ ಶಿಕ್ಷಕಿ, ಧಾರವಾಡ

ನನಗೆ ಈಗ ದೃಷ್ಟಿ ಬಹಳ ಮಂದವಾಗಿದೆ. ಈ ಬರಹಗಳನ್ನು ಮೊಮ್ಮಗಳು ಓದಿ ಹೇಳಿದಳು, ಉತ್ತರವನ್ನೂ ಅವಳೇ ಬರೆದುಕೊಳ್ಳುತ್ತಿದ್ದಾಳೆ.

ಸುಭಾಸ ರಸ್ತೆಯಲ್ಲಿ ನಡೆಯುವಾಗ ನನ್ನ ಪಾಲಿಗೆ ಎಲ್ಲ ಶೋಕೇಸ್‌ಗಳೂ ಒಂದೇ, ನುಣುಪಾದ ತಣ್ಣನೆಯ ಗೋಡೆಗಳು. ಅವುಗಳ ಮೇಲೆ ಹಾಕಿದ ಧ್ವನಿವರ್ಧಕಗಳು ಮಾತ್ರ ನನಗೆ ತಿಳಿಯುತ್ತವೆ, ಒಂದರ ರಾಗ ಇನ್ನೊಂದರ ತಾಳವನ್ನು ತುಳಿಯುತ್ತಿರುತ್ತದೆ. ಕಣ್ಣಿಲ್ಲದವರು ರಸ್ತೆ ದಾಟುವುದು ಕಿವಿಯಿಂದ. ಅಂಗಡಿಯ ಸದ್ದು ವಾಹನದ ಸದ್ದನ್ನು ಮುಚ್ಚಿದರೆ ಅದು ಅಪಾಯ. ಮಗ್ಗದ ಸಪ್ಪಳವಾದರೂ ಸರಿ, ಗಾಜಿಗೆ ಕಿವಿ ಹತ್ತಿರ ತಂದವರಿಗೆ ಮಾತ್ರ ಕೇಳಲಿ.

ಆದರೆ ನಿಮ್ಮ ಅಜ್ಜನವರು ಸೆರಗನ್ನು ಮುಂಗೈ ಮೇಲೆ ಹಾಕುತ್ತಿದ್ದರೆಂದು ಬರೆದಿದ್ದೀರಲ್ಲ, ಅಲ್ಲಿಯೇ ನಿಮ್ಮ ಉತ್ತರವಿದೆ. ಖಣದ ಬಟ್ಟೆಯ ಬಿಗಿ, ಖಾದಿಯ ಒರಟು, ಇಳಕಲ್ಲ ಸೀರೆಯಲ್ಲಿ ಹತ್ತಿಯ ಒಡಲು ಮುಗಿದು ರೇಷ್ಮೆಯ ಸೆರಗು ಶುರುವಾಗುವ ಕಡೆ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಿದ ಆ ಸಣ್ಣ ಗೆರೆ, ಇವನ್ನೆಲ್ಲ ನನ್ನ ಬೆರಳು ಇವತ್ತಿಗೂ ಗುರುತಿಸುತ್ತದೆ. ಗಾಜಿನ ಕೆಳಗೆ ರಸ್ತೆಯ ಕಡೆಗೆ ಒಂದು ಮರದ ಹಲಗೆ ಮಾಡಿಸಿ, ಒಳಗೆ ತೋರಿಸುತ್ತಿರುವ ಬಟ್ಟೆಗಳದ್ದೇ ಗೇಣುದ್ದದ ತುಂಡುಗಳನ್ನು ಅದಕ್ಕೆ ಹೊಲಿದಿಡಿ. ಗಾಲಿಕುರ್ಚಿಯಲ್ಲಿ ಬಂದವರಿಗೂ ಎಟುಕಲಿ. ಇದಕ್ಕೆ ವಿದ್ಯುತ್ ಕೂಡ ಬೇಡ.

ವಿದ್ಯುತ್ ಕೆಲಸ, ಹಾವೇರಿ

ಅಮ್ಮನವರು ಹೇಳಿದಂತೆ ಹತ್ತಿರ ಬಂದವರಿಗೆ ಮಾತ್ರ ಸದ್ದು ಕೇಳಿಸುವ ಉಪಾಯಗಳಿವೆ. ಗಾಜಿಗೆ ಅಂಟಿಸುವ ಸಣ್ಣ ಸಲಕರಣೆಯೊಂದು ಗಾಜನ್ನೇ ಕಂಪಿಸುವಂತೆ ಮಾಡಿ ಧ್ವನಿವರ್ಧಕವಾಗಿಸುತ್ತದೆ. ಧ್ವನಿಯನ್ನು ಸಣ್ಣದಾಗಿ ಇಟ್ಟರೆ ಎರಡು ಹೆಜ್ಜೆ ದೂರದಲ್ಲಿ ರಸ್ತೆಯ ಗದ್ದಲವೇ ಅದನ್ನು ಮುಚ್ಚುತ್ತದೆ. ಶ್ರವಣಾತೀತ ತರಂಗಗಳ ಮೇಲೆ ಸದ್ದನ್ನು ಕೂರಿಸಿ ಬ್ಯಾಟರಿ ಬೆಳಕಿನಂತೆ ಒಂದೇ ಕಡೆಗೆ ಬಿಡುವ ಧ್ವನಿವರ್ಧಕಗಳೂ ಇವೆ, ಆದರೆ ಅವು ದುಬಾರಿ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55 ಡೆಸಿಬಲ್ ಮಿತಿ ಇದೆ ಎಂಬುದನ್ನು ಮರೆಯಬೇಡಿ. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ.

ಗೃಹಿಣಿ, ಗದಗ-ಬೆಟಗೇರಿ

ಸುಗಂಧದ ಯಂತ್ರದ ಬಗ್ಗೆ ಯಾರೂ ಬರೆಯಲಿಲ್ಲ. ನನ್ನ ಮಗನಿಗೆ ಉಬ್ಬಸವಿದೆ. ಕೃತಕ ಸುವಾಸನೆ ಹರಡಿದ ಒಂದು ಅಂಗಡಿಯಿಂದ ಅವನನ್ನು ಎತ್ತಿಕೊಂಡು ಹೊರಗೆ ಓಡಿದ ದಿನವನ್ನು ನಾನು ಮರೆತಿಲ್ಲ. ಅಂಗಡಿಯ ಒಳಗೆ ಬರುವುದೋ ಬೇಡವೋ ಎಂಬುದು ನನ್ನ ಆಯ್ಕೆ; ರಸ್ತೆಯ ಗಾಳಿಯನ್ನು ಉಸಿರಾಡುವುದು ಆಯ್ಕೆಯಲ್ಲ. ದಯವಿಟ್ಟು ಅದನ್ನು ಬಿಡಿ.

ಶೋಕೇಸ್ ಸಜ್ಜುಗೊಳಿಸುವವರು, ವಿದ್ಯಾನಗರ

ಅಕ್ಕನವರ ಮಾತಿಗೆ ನನ್ನದೊಂದು ಸೇರಿಕೆ. ಆ ಯಂತ್ರಗಳು ಸುಗಂಧದ ಎಣ್ಣೆಯನ್ನು ಅತಿ ಸಣ್ಣ ಹನಿಗಳಾಗಿ ಒಡೆದು ಗಾಳಿಗೆ ಬಿಡುತ್ತವೆ. ಮುಚ್ಚಿದ ಶೋಕೇಸ್‌ನ ಒಳಗೆ ಅದನ್ನು ಇಟ್ಟರೆ ಎಣ್ಣೆ ನಿಧಾನವಾಗಿ ರೇಷ್ಮೆಯ ಮೇಲೆ ಕೂಡುತ್ತದೆ. ಅಲ್ಲದೆ ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಇದ್ದರೆ ಮೂಗಿಗೆ ಅದು ತಿಳಿಯುವುದು ನಿಲ್ಲುತ್ತದೆ, ಹೀಗಾಗಿ ಅಂಗಡಿಯವರು ಸಾಲದೆಂದು ಇನ್ನಷ್ಟು ಹೆಚ್ಚಿಸುತ್ತಲೇ ಹೋಗುತ್ತಾರೆ. ವಾಸನೆಯೇ ಬೇಡ ಎಂದು ನಾನು ಹೇಳಲಾರೆ. ಹೊಸ ಹತ್ತಿ ಬಟ್ಟೆಗೆ ತನ್ನದೇ ವಾಸನೆಯಿದೆ. ಹಲಗೆಯ ಮೇಲಿನ ತುಂಡುಗಳು ತೊಳೆಯದ, ಗಂಜಿ ಇರುವ ಬಟ್ಟೆಯಾಗಿರಲಿ. ಬೇಕಾದವರು ಮೂಗಿನ ಹತ್ತಿರ ಬಾಗಿ ನೋಡಿಕೊಳ್ಳುತ್ತಾರೆ. ಬೇಸಿಗೆಯಲ್ಲಿ ಬಾಗಿಲಿಗೆ ಒಂದು ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದರೆ ಬಾಗಿಲ ಬಳಿ ಬಂದವರಿಗೆ ತಂಪೂ ಕಂಪೂ ಸಿಗುತ್ತದೆ, ಆದರೆ ತೇವ ಜರಿಗೆ ಆಗದು, ಶೋಕೇಸ್‌ನಿಂದ ಅದು ದೂರವಿರಲಿ.

ಸೀರೆ ಅಂಗಡಿ, ಹುಬ್ಬಳ್ಳಿ

ಎಲ್ಲರ ಸಲಹೆಗಳನ್ನು ಕೂಡಿಸಿ ನಾಗರ ಪಂಚಮಿಗೆ ಮೊದಲ ಶೋಕೇಸ್ ಮಾಡಲು ನಿರ್ಧರಿಸಿದ್ದೇವೆ, ಏಕೆಂದರೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ ಅದು. ಒಳಗೆ ಗೊಂಬೆಯೇ ಇರುವುದಿಲ್ಲ. ಒಂದು ಜೋಕಾಲಿ ಕಟ್ಟಿ, ಅದರ ಮಣೆಯ ಮೇಲೆ ಈಗಷ್ಟೇ ಯಾರೋ ಎದ್ದು ಹೋದಂತೆ ಒಂದು ಇಳಕಲ್ಲ ಸೀರೆಯನ್ನು ಹರವಿ, ಸಣ್ಣ ಮೋಟಾರಿನಿಂದ ಮೆಲ್ಲಗೆ ತೂಗುವಂತೆ ಮಾಡುತ್ತೇವೆ. ತೂಗುವಾಗ ಸೆರಗಿನ ತುದಿ ಎಷ್ಟು ಭಾರವಾಗಿ ಹಿಂದೆ ಉಳಿದು ಬರುತ್ತದೆಂಬುದು ಕಾಣಬೇಕು. ಬಲಬದಿಗೆ ಚಂದ್ರಕಾಳಿ ಸೀರೆ, ಹಿಂದೆ ಕನ್ನಡಿ, ಮುಂದೆ ಭೂತಗನ್ನಡಿ. ಗಜೇಂದ್ರಗಡದ ಮಗ್ಗದ ಸದ್ದು ಗಾಜಿನಲ್ಲಿ, ರಾತ್ರಿ ಅಂಗಡಿ ಮುಚ್ಚುವಾಗ ಅದೂ ನಿಲ್ಲುತ್ತದೆ. ಎಳ್ಳುಂಡೆ, ಶೇಂಗಾ ಉಂಡೆಗಳನ್ನೂ ಇಡೋಣವೆಂದು ತಮ್ಮ ಹೇಳಿದ. ಎಣ್ಣೆ ಮತ್ತು ಇರುವೆಯ ಭಯದಿಂದ ಅವನ್ನು ಗಾದಿಯ ಬಳಿ ಗಿರಾಕಿಗಳಿಗೆ ಕೊಡಲೆಂದು ಇಟ್ಟುಕೊಂಡೆವು. ಪರದೆ ಇಲ್ಲ, ಸುಗಂಧದ ಯಂತ್ರ ಇಲ್ಲ.

ವಿದ್ಯುತ್ ಕೆಲಸ, ಹಾವೇರಿ

ಜೋಕಾಲಿಯ ಮೋಟಾರಿನ ತಂತಿಗೆ ಅರ್ಥಿಂಗ್ ಸರಿಯಾಗಿರಲಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ಹಾಕಿಸಿ. ಸೆರಗು ಗಾಲಿಗೆ ಸಿಗದಂತೆ ಮೋಟಾರನ್ನು ಚಾವಣಿಯ ಮೇಲೆಯೇ ಮುಚ್ಚಿಡಿ.

ನಿವೃತ್ತ ಸಂಗೀತ ಶಿಕ್ಷಕಿ, ಧಾರವಾಡ

ಪಂಚಮಿಗೆ ಹುಬ್ಬಳ್ಳಿಗೆ ಬರುತ್ತೇನೆ. ಒಂದು ಸಂಶಯ ಮಾತ್ರ ಉಳಿದಿದೆ. ದಿನಕ್ಕೆ ನೂರಾರು ಜನ ಮುಟ್ಟಿದ ಬಟ್ಟೆಯ ತುಂಡುಗಳು ಬೇಗ ಮಾಸಿ ಜಿಡ್ಡಾಗುತ್ತವೆ, ಆಗ ಬೆರಳಿಗೆ ಸಿಗುವುದು ಖಣವೂ ಅಲ್ಲ, ಖಾದಿಯೂ ಅಲ್ಲ.

ಸೀರೆ ಅಂಗಡಿ, ಹುಬ್ಬಳ್ಳಿ

ತುಂಡುಗಳನ್ನು ಹಲಗೆಗೆ ಹೊಲಿಯದೆ ಗುಂಡಿ ಹಾಕಿ ಕೂರಿಸುತ್ತಿದ್ದೇವೆ ಅಮ್ಮ. ಪ್ರತಿ ಸೋಮವಾರ ಶಟರ್ ತೆಗೆಯುವಾಗ ಹೊಸ ತುಂಡು ಬರುತ್ತದೆ. ಇಳಕಲ್ಲ ಸೀರೆಯದು ಕೊಂಡಿ ಕೂಡಿದ ಗೆರೆ ಸರಿಯಾಗಿ ನಡುವೆ ಬರುವಂತೆ ಕತ್ತರಿಸಿದ್ದೇವೆ, ಎಡಗಡೆಯಿಂದ ಎರಡನೆಯದು.